ಜಗಲಿಯ ಮೇಲಿನ ಓಲೆಬೆಲ್ಲ

ಯಾರಾದರೂ ದೆವ್ವ-ಭೂತದ ಅನುಭವ ಹೇಳಲು ಶುರುಮಾಡಿದರೆ, "ಅವತ್ತು ಏನು ತಿಂದಿದ್ದಿರಿ?" ಎಂದು ಕೇಳುವುದು ನನ್ನ ಅಭ್ಯಾಸವಾಗಿತ್ತು. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು ನಾನು. ಎಲ್ಲ ಅದ್ಭುತಗಳ ಹಿಂದೆಯೂ ಒಂದು ಅಜೀರ್ಣವೋ ಒಂದು ಸುಳ್ಳೋ ಇರುತ್ತದೆಂದು ನಂಬಿದ್ದೆ. ಈಗ ಅದೇ ಪ್ರಶ್ನೆಯನ್ನು ನನಗೆ ಕೇಳಿದರೆ ಉತ್ತರವಿದೆ: ಬೆಲ್ಲ ತಿಂದಿದ್ದೆ. ಆದರೆ ಆ ಬೆಲ್ಲ ಎಲ್ಲಿಂದ ಬಂತೆಂದು ಮಾತ್ರ ಹೇಳಲಾರೆ.

ಕೆಲವು ವರ್ಷಗಳ ಹಿಂದೆ, ನಿವೃತ್ತಿಯ ನಂತರ, ಮೂಡುಬಿದಿರೆಯ ಕಾಲೇಜೊಂದರಲ್ಲಿ ಮೂರು ವಾರ ಪಾಠ ಮಾಡಲು ದಾವಣಗೆರೆಯಿಂದ ಹೋಗಿದ್ದೆ. ಸಕ್ಕರೆ ಕಾಯಿಲೆಗೆ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವ ನನ್ನನ್ನು ಒಂಟಿಯಾಗಿ ಕಳಿಸಲು ಮಗಳಿಗೆ ಸುತರಾಂ ಇಷ್ಟವಿರಲಿಲ್ಲ. "ಅಮ್ಮ, ಒಂದೇ ಒಂದು ಸಲ ತಲೆಸುತ್ತು ಬಂತು ಅಂತ ಗೊತ್ತಾದ್ರೂ ಸಾಕು, ನಿನ್ನ ಮನೆಗೆ ಬೀಗ ಹಾಕಿ ನಮ್ಮ ಮನೆಗೆ ಕರ್ಕೊಂಡು ಬರ್ತೀನಿ" ಎಂದು ಎಚ್ಚರಿಸಿದ್ದಳು. ಮಗಳ ಮನೆ ಚೆನ್ನಾಗಿಯೇ ಇದೆ. ಆದರೆ ನನ್ನ ಮನೆ, ನನ್ನ ಬೀಗದ ಕೈ ನನಗೆ ಜೀವದಷ್ಟೇ ಪ್ರಿಯ.

ಹಾಸ್ಟೆಲ್ ಕೋಣೆ ಬೇಡವೆಂದು, ಬಸದಿಗಳಿರುವ ಹಳೆಯ ಬೀದಿಯಲ್ಲಿ ಒಂದು ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿದೆ. ಹೆಸರು ಅಷ್ಟು ದೊಡ್ಡದು. ನಿಜಕ್ಕೆ ಅದು ಹಳೆಯ ಕಾಲದ ಮನೆಯೊಂದರ ಮುಂಭಾಗ. ಹೊರಗೆ ಕಂಬದ ಜಗಲಿ, ಒಳಗೆ ಏಸಿ, ಕರೆಂಟಿನ ಒಲೆ. ಬಾಗಿಲಿಗೆ ಬೀಗದ ಕೈ ಇಲ್ಲ, ನಾಲ್ಕು ಅಂಕಿ ಒತ್ತಿದರೆ ತೆರೆಯುವ ಲಾಕ್. ಮಾಲೀಕರು ಮುಂಬೈಯಲ್ಲಿ. ಗುಡಿಸಿ ಒರೆಸಿ ನೋಡಿಕೊಳ್ಳುವವರು ಹಿಂದಿನ ಓಣಿಯ ಸುನಂದಕ್ಕ.

ಮೊದಲ ದಿನ ಅವರು ಸ್ಟೀಲ್ ಲೋಟದಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ಚೂರು ಹಿಡಿದು ಜಗಲಿಯಲ್ಲಿ ನಿಂತಿದ್ದರು. ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವುದು ಆ ಕಡೆಯ ಪದ್ಧತಿ. ನಾನು ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಸಣ್ಣ ಭಾಷಣ ಬಿಗಿದು ಬೇಡವೆಂದುಬಿಟ್ಟೆ.

"ಒಂದು ಚೂರು ಬಾಯಿಗೆ ಹಾಕಿ ಟೀಚರೇ. ಈ ಮನೆಯಲ್ಲಿ ಯಾರನ್ನೂ ಹಾಗೆ ಬಿಟ್ಟದ್ದಿಲ್ಲ. ಹಿಂದೆ ಧನಿಗಳ ಅಜ್ಜಿ ಇರುವಾಗ, ಬಸದಿಗೆ ನಡ್ಕೊಂಡು ಬರುವವರಿಗೆ ಅಂತ ಇದೇ ಜಗಲಿಯಲ್ಲಿ ಯಾವಾಗ್ಲೂ ಬೆಲ್ಲ-ನೀರು ಇಡ್ತಿದ್ರಂತೆ" ಎಂದರು. ನಾನು ನಕ್ಕು ಒಳಗೆ ಹೋದೆ.

ಎರಡನೇ ಭಾನುವಾರ ಬೀದಿಯವರೆಲ್ಲ ಬಸ್ಸು ಮಾಡಿಕೊಂಡು ಬೆಳ್ತಂಗಡಿಗೆ ಮದುವೆಗೆ ಹೋಗಿದ್ದರು, ಸುನಂದಕ್ಕನೂ ಹೋಗಿದ್ದರು. ಮಧ್ಯಾಹ್ನ ಕುಕ್ಕರಿನಲ್ಲಿ ಅನ್ನ ಮಾಡಿಟ್ಟು, ಇನ್ಸುಲಿನ್ ಚುಚ್ಚಿಕೊಂಡು ನೋಡಿದರೆ ಮೊಸರಿಲ್ಲ. ಐದು ನಿಮಿಷದ ಕೆಲಸವೆಂದು, ಚಾರ್ಜಿಗೆ ಹಾಕಿದ್ದ ಫೋನನ್ನು ಅಲ್ಲೇ ಬಿಟ್ಟು ಹೊರಟೆ. ಹತ್ತಿರದ ಅಂಗಡಿ ಮುಚ್ಚಿತ್ತು. ಇನ್ನೊಂದೂ ಮುಚ್ಚಿತ್ತು. ಮೊಸರಿಲ್ಲದೆ ಅದೆಂಥ ಊಟ ಎಂಬ ಹಟದಲ್ಲಿ ಸುಡುಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನವರೆಗೂ ನಡೆದೆ. ಇನ್ಸುಲಿನ್ ತೆಗೆದುಕೊಂಡವರು ಊಟ ತಡಮಾಡಬಾರದೆಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನೇ.

ಮೊಸರು ಹಿಡಿದು ಮರಳಿ ಬರುವಷ್ಟರಲ್ಲಿ ಕೈ ನಡುಗುತ್ತಿತ್ತು, ಮೈಯೆಲ್ಲ ತಣ್ಣನೆಯ ಬೆವರು. ಬಾಗಿಲ ಮುಂದೆ ನಿಂತರೆ ಆ ನಾಲ್ಕು ಅಂಕಿ ತಲೆಯಲ್ಲಿಲ್ಲ! ಪಾದರಸದ ಪರಮಾಣು ತೂಕ ನೆನಪಾಯಿತು, ಬಾಗಿಲಿನ ಸಂಖ್ಯೆ ನೆನಪಾಗಲಿಲ್ಲ. ತಪ್ಪು ಒತ್ತಿದೆ, ಮತ್ತೆ ತಪ್ಪು ಒತ್ತಿದೆ. ಕೂಗೋಣವೆಂದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮೊಸರಿನ ಪ್ಯಾಕೆಟ್ ಹರಿಯಲೂ ಬೆರಳಿಗೆ ಶಕ್ತಿಯಿರಲಿಲ್ಲ. ಸಕ್ಕರೆ ಕುಸಿಯುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಎಚ್ಚರ ತಪ್ಪುತ್ತದೆ, ಅನ್ನ ಬಾಗಿಲಿನ ಆಚೆಗಿದೆ ಎಂಬುದು ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು. ನನಗೆ ತುಂಬ ಭಯವಾಯಿತು. ಕಂಬ ಹಿಡಿದು ಜಗಲಿಯ ಮೇಲೆ ಕುಸಿದೆ.

ಕೈ ಊರಿದ ಜಾಗದ ಪಕ್ಕದಲ್ಲೇ ಒಂದು ಕಂಚಿನ ಗಿಂಡಿ ಇತ್ತು, ತುಂಬ ನೀರು. ಬದಿಯಲ್ಲಿ ಬಾಳೆಲೆಯ ತುಂಡಿನ ಮೇಲೆ ಕಪ್ಪಗಿನ ಬೆಲ್ಲ. ಹೊರಡುವಾಗ ಅಲ್ಲೇ ಕೂತು ಚಪ್ಪಲಿ ಹಾಕಿಕೊಂಡಿದ್ದೆ, ಆಗ ಏನೂ ಇರಲಿಲ್ಲ. ಯಾರದ್ದೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಗುವಿನ ಹಾಗೆ ಬಾಚಿ ತಿಂದೆ, ನೀರು ಕುಡಿದೆ. ಬೆಲ್ಲಕ್ಕೆ ಹೊಗೆಯ ವಾಸನೆ, ಸಿಹಿಯ ಹಿಂದೆ ತುಸು ಉಪ್ಪು. ಅಂಥ ರುಚಿಯನ್ನು ಹಿಂದೆಂದೂ ಕಂಡಿರಲಿಲ್ಲ. ಕಾಲು ಗಂಟೆಯಲ್ಲಿ ನಡುಕ ನಿಂತಿತು, ನಾಲ್ಕು ಅಂಕಿಯೂ ಸಾಲಾಗಿ ನೆನಪಾದವು. ಒಳಗೆ ಹೋಗಿ ಊಟ ಮಾಡಿ, ಗಿಂಡಿ ತೊಳೆದಿಡೋಣವೆಂದು ಹೊರಬಂದರೆ ಗಿಂಡಿಯೂ ಇಲ್ಲ, ಎಲೆಯೂ ಇಲ್ಲ. ಬಿದ್ದಿದ್ದ ಬೆಲ್ಲದ ಪುಡಿಗೆ ಇರುವೆಗಳು ಸಾಲುಗಟ್ಟಿದ್ದವು.

ಸಂಜೆ ಮದುವೆಯಿಂದ ಬಂದ ಸುನಂದಕ್ಕನನ್ನು ಕೇಳಿದೆ. "ನಾನು ಎಂತದೂ ಇಡಲಿಲ್ಲ ಟೀಚರೇ. ನಾವೆಲ್ಲ ಬೆಳಿಗ್ಗೆಯೇ ಹೋದದ್ದಲ್ವಾ? ಮತ್ತೆ ಇಲ್ಲಿ ಗಿಂಡಿ ಎಲ್ಲಿ ಉಂಟು? ರಿಪೇರಿ ಮಾಡುವಾಗ ಕಂಚಿನ ಪಾತ್ರೆ ಎಲ್ಲ ಧನಿಗಳು ಮುಂಬೈಗೆ ಕೊಂಡೋಗಿದ್ದಾರೆ" ಎಂದರು. ಬೀದಿಯ ಒಂದೊಂದು ಮನೆಯಲ್ಲೂ ವಿಚಾರಿಸಿದೆ. ಯಾರೂ ಇಟ್ಟಿರಲಿಲ್ಲ. ಪರಿಚಯದ ವೈದ್ಯರು, ಸಕ್ಕರೆ ಇಳಿದಾಗ ಇಲ್ಲದ್ದೂ ಕಾಣುತ್ತದೆ ಎಂದರು. ಇರಬಹುದು. ಆದರೆ ಇಲ್ಲದ ಬೆಲ್ಲ ತಿಂದು ನಾನು ಎದ್ದು ಕೂತದ್ದು ಹೇಗೆ? ಇರುವೆಗಳಿಗೂ ಸಕ್ಕರೆ ಇಳಿದಿತ್ತೇ?

ಊರಿಗೆ ಹೊರಡುವ ದಿನ ಸುನಂದಕ್ಕ ಮತ್ತೆ ಬೆಲ್ಲ-ನೀರು ತಂದರು. ಈ ಸಲ ಮರುಮಾತಿಲ್ಲದೆ ಒಂದು ಚೂರು ಬಾಯಿಗಿಟ್ಟವಳು ಅಲ್ಲೇ ಕೂತುಬಿಟ್ಟೆ. ಅದೇ ಹೊಗೆ, ಅದೇ ಉಪ್ಪು.

"ಓಲೆಬೆಲ್ಲ ಟೀಚರೇ, ತಾಳೆಮರದ್ದು. ಈಗ ಸಿಗುವುದೇ ಅಪರೂಪ. ನಿಮಗೆ ಅಂತ ಬೆಳ್ತಂಗಡಿ ಸಂತೆಯಿಂದ ತರಿಸಿದ್ದು" ಎಂದ ಸುನಂದಕ್ಕ, ನೀರಿನ ಲೋಟ ಮುಂದಿಡುತ್ತ ಸೇರಿಸಿದರು: "ಅಜ್ಜಿ ಇಡ್ತಿದ್ದದ್ದು ಇದನ್ನೇ ಅಂತೆ."

ಕಂಡದ್ದು ಭ್ರಮೆಯೇ ಇರಲಿ. ಗೊತ್ತೇ ಇಲ್ಲದ ರುಚಿಯನ್ನು ನಾಲಿಗೆ ಹೇಗೆ ಕಲ್ಪಿಸಿಕೊಂಡಿತು? ನಾನು ಕಲಿಸಿದ ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಸಿಕ್ಕಿಲ್ಲ. ದೆವ್ವ ಎನ್ನಲು ಮನಸ್ಸು ಒಪ್ಪುವುದಿಲ್ಲ, ಅಜ್ಜಿ ಎನ್ನಲು ಧೈರ್ಯ ಸಾಲದು. ಆ ಮಧ್ಯಾಹ್ನ ನೆನಪಾದಾಗಲೆಲ್ಲ ಹೆದರಿಕೆಯಾಗುವುದಿಲ್ಲ, ಎದೆ ಹಗುರಾಗುತ್ತದೆ. ಮಗಳಿಗೆ ಇದುವರೆಗೂ ಹೇಳಿಲ್ಲ. ಇದನ್ನು ಓದಿದರೆ ಚೆನ್ನಾಗಿ ಬೈಯುತ್ತಾಳೆ. ಬೈಯಲಿ. ಬೈಸಿಕೊಳ್ಳಲು ನಾನು ಇದ್ದೇನಲ್ಲ.