ರಾಚವ್ವನ ಹಲಗೆಯ ಚಾವಿಗಳು

ಐವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಗುಡ್ಡ ಹತ್ತುವ ಸೈಕಲ್ ಕೊಂಡು ತಂದಾಗ ನನ್ನ ಹೆಂಡತಿ ಪುಟ್ಟಲಕ್ಷ್ಮಿ ಅದನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದಳು. ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮಗೆ ಆರು ವರ್ಷ ಮುಂಚೆಯೇ ಬಂತಲ್ಲ ಎಂದಳು. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಿರಿ ಎಂದಿದ್ದರೇ ಹೊರತು ಗುಡ್ಡದಿಂದ ಉರುಳಿ ಎಂದಿರಲಿಲ್ಲ, ಅದು ನಿಜ. ಆದರೆ ಹಟ ಅಂದರೆ ಹಟ. ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಿಂದ ಹೊರಟು, ಕಾಲೋನಿಗಳ ಹಿಂದಿರುವ ಗುಡ್ಡಕ್ಕೆ ಹೋಗುತ್ತೇನೆ. ಎಷ್ಟು ಸಲ ಬಿದ್ದಿದ್ದೇನೋ ನೆನಪಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಂಡು ಎದ್ದು ಬರುತ್ತೇನೆ.

ನನ್ನ ಪುರಾಣ ಸಾಕು. ಹೇಳಬೇಕಾದದ್ದು ರಾಚವ್ವನ ವಿಷಯ.

ಗುಡ್ಡದ ಬುಡದಲ್ಲಿ, ಡಾಂಬರು ಮುಗಿದು ಕೆಮ್ಮಣ್ಣು ಶುರುವಾಗುವ ಕಡೆ, ನೀಲಿ ತಾಡಪಾಲಿನ ಕೆಳಗೆ ಅವಳ ಗಾಡಿ ನಿಲ್ಲುತ್ತದೆ. ಚಹಾ, ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಅವಳ ಊರು ವಿಜಯಪುರದ ಕಡೆ, ಇಂಡಿ ಪಟ್ಟಣದ ಹತ್ತಿರ. ಮುಂಬಯಿಗೆ ಬಂದು ಮೂವತ್ತೈದು ವರ್ಷವಾಯಿತಂತೆ. ವಯಸ್ಸು ಅರವತ್ತು ದಾಟಿರಬೇಕು, ಕೇಳಿದರೆ ತನಗೇ ಗೊತ್ತಿಲ್ಲ ಅನ್ನುತ್ತಾಳೆ. ಗಾಡಿಯ ಪಕ್ಕದ ಹುಣಸೆ ಮರಕ್ಕೆ ಒಂದು ಹಲಗೆ ಹೊಡೆದಿದ್ದಾಳೆ. ಹಲಗೆಯ ತುಂಬ ಮೊಳೆಗಳು. ಮೇಲಕ್ಕೆ ಹೋಗುವ ಸೈಕಲ್ಲಿನವರೆಲ್ಲ ತಮ್ಮ ಮನೆಯ ಚಾವಿಯನ್ನು ಅಲ್ಲಿ ತೂಗುಹಾಕಿ ಹೋಗಬೇಕು.

ಇದು ಶುರುವಾದದ್ದು ಸಣ್ಣ ಕಾರಣಕ್ಕೆ. ಚಾವಿಗೊಂಚಲು ಜೇಬಿನಲ್ಲಿಟ್ಟುಕೊಂಡು ಬಿದ್ದರೆ ಅದು ತೊಡೆಗೆ ಚುಚ್ಚುತ್ತದೆ, ಇಲ್ಲವಾದರೆ ಪೊದೆಯಲ್ಲೆಲ್ಲೋ ಕಳೆದುಹೋಗುತ್ತದೆ. ಯಾರೋ ಒಮ್ಮೆ ಅವಳ ಕೈಗೆ ಕೊಟ್ಟು ಹೋದರು, ಆಮೇಲೆ ಎಲ್ಲರೂ ಕೊಡತೊಡಗಿದರು. ರಾಚವ್ವ ತನ್ನ ಹಳೆಯ ಸೀರೆಗಳ ಅಂಚು ಹರಿದು ಒಂದೊಂದು ಚಾವಿಗೆ ಒಂದೊಂದು ಬಣ್ಣದ ಪಟ್ಟಿ ಕಟ್ಟಿದಳು. ನಮ್ಮ ಹೆಸರು ಅವಳಿಗೆ ಬೇಡ. ನಾನು ಕೆಂಪಂಚಿನವನು. ನಮ್ಮ ಸೈಕಲ್ ಗುಂಪನ್ನು ಕಟ್ಟಿಕೊಂಡು ಓಡಾಡುವ ಅರ್ಜುನ ಹಸಿರಂಚಿನವನು. ಅವನಿಗೆ ಮೂವತ್ತೆರಡು, ಇಲ್ಲೇ ಗೋರೆಗಾಂವ್‌ನ ಆಫೀಸಿನಲ್ಲಿ ಕೆಲಸ, ಕನ್ನಡ ಅರ್ಧ, ಹಸಿವು ಎರಡರಷ್ಟು.

ಕೊನೆಯ ಚಾವಿ ಹಲಗೆಯಿಂದ ಇಳಿಯುವ ತನಕ ರಾಚವ್ವ ಒಂದು ತುತ್ತನ್ನೂ ಬಾಯಿಗಿಡುವುದಿಲ್ಲ. ಒಂಬತ್ತಾಗಲಿ, ಹತ್ತಾಗಲಿ. ಸೈಕಲ್ ತುಳಿಯೋರು ನಾವು, ಉಪವಾಸ ಮಾಡೋರು ನೀವೋ ಎಂದು ನಾನೊಮ್ಮೆ ಕಿಚಾಯಿಸಿದೆ. ಅವಳು ರೊಟ್ಟಿ ತಟ್ಟುತ್ತಲೇ ಹೇಳಿದಳು. ಗಂಡ ಸಿದ್ದರಾಮಪ್ಪ ಕಟ್ಟಡದ ಕೆಲಸಕ್ಕೆ ದಿನಾ ಬೊರಿವಲಿಯಿಂದ ಲೋಕಲ್ ರೈಲು ಹಿಡಿಯುತ್ತಿದ್ದನಂತೆ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೆಳಗ್ಗೆ, ನೂಕುನುಗ್ಗಲಿನಲ್ಲಿ ಬಾಗಿಲಿನಿಂದ ಕೈ ಜಾರಿ ಬಿದ್ದ. ಸುದ್ದಿ ಇವಳಿಗೆ ಮುಟ್ಟಿದ್ದು ಸಂಜೆ.

"ಅವ್ರು ಹಳಿ ಮ್ಯಾಲ ಬಿದ್ದಾಗ ನಾ ಮನ್ಯಾಗ ಕುಂತು ಬಿಸಿ ರೊಟ್ಟಿ ತಿನ್ನಾಕತ್ತಿದ್ದೆ ನೋಡ್ರಿ ಸಾಹೇಬ್ರ," ಎಂದಳು. "ಹೊಟ್ಟ್ಯಾಗ ಏನರ ಗೊತ್ತಾಗಬೇಕಿತ್ತಲ್ರಿ. ಏನೂ ಗೊತ್ತಾಗ್ಲಿಲ್ಲ."

ಅದಾದ ಮೇಲೆ ನಾನು ಆ ಮಾತು ಎತ್ತಲಿಲ್ಲ. ಅವಳಿಗೆ ಮಕ್ಕಳಿಲ್ಲ. ಚಾಳಿನಲ್ಲಿ ಒಂದು ಖೋಲಿ, ಅದಕ್ಕೊಂದು ಬೀಗ, ಅಷ್ಟೇ ಸಂಸಾರ.

ಹೋದ ವರ್ಷ, ಮಳೆ ಹಿಂದೆಗೆಯುತ್ತಿದ್ದ ದಿನಗಳ ಒಂದು ಭಾನುವಾರ. ನಮ್ಮ ಗುಡ್ಡದ ನೆತ್ತಿಯಲ್ಲಿ ಎರಡು ತಾಳೆ ಮರಗಳಿವೆ. ಅಲ್ಲಿಂದ ಇಳಿಯಲು ಎರಡು ದಾರಿ. ಒಂದು ಹುಲ್ಲಿನ ನಡುವೆ ಸುತ್ತಿ ಸುತ್ತಿ ಬರುವ ಉದ್ದದ ದಾರಿ, ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಇನ್ನೊಂದು ಹಳೆಯ ಕಲ್ಲುಗಣಿಯ ಅಂಚಿನದು, ಕಡಿದಾದದ್ದು, ಮಳೆಗಾಲದಲ್ಲಿ ಬಂಡೆಗಳ ಮೇಲೆಲ್ಲ ಪಾಚಿ. ನಾನು ತಾಳೆ ಮರಕ್ಕೆ ಸೈಕಲ್ ಒರಗಿಸಿ ಏದುಸಿರು ಬಿಡುತ್ತಿದ್ದಾಗ ವಿಭಾ ಬಂದರು. ಧಾರವಾಡದ ಕಡೆಯವರು, ನಲವತ್ತರ ಆಸುಪಾಸು, ಶಾಲೆಯಲ್ಲಿ ಟೀಚರು. ಒಬ್ಬರೇ ಬರುತ್ತಾರೆ, ನಮ್ಮ ಗುಂಪಿಗೆ ಸೇರಿದವರಲ್ಲ. ಗಣಿ ದಾರಿ ಒಣಗಿದೆಯೇ ಎಂದು ನನ್ನನ್ನು ಕೇಳಿದರು.

ಮಳೆ ಶುರುವಾದ ಮೇಲೆ ನಾನು ಆ ಕಡೆ ಚಕ್ರವನ್ನೇ ಹಾಕಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಒಬ್ಬರು ಬಂದು ನನ್ನನ್ನು ಅನುಭವಸ್ಥನೆಂದು ತಿಳಿದು ಕೇಳಿದಾಗ ಆ ಒಂದು ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ, ಹಾಳು ಜಂಬ. ಒಣಗಿದೆ, ಆರಾಮಾಗಿ ಹೋಗಿ ಎಂದೆ. ಅವರು ಥ್ಯಾಂಕ್ಸ್ ಹೇಳಿ ಗಣಿ ದಾರಿ ಹಿಡಿದರು, ನಾನು ಹುಲ್ಲಿನ ದಾರಿಯಲ್ಲಿ ಇಳಿದು ಬಂದೆ.

ಎಂಟೂವರೆಗೆ ಎಲ್ಲರೂ ಕೆಳಗೆ ಸೇರಿದೆವು. ಒಂದೊಂದೇ ಚಾವಿ ಇಳಿಯಿತು, ಒಬ್ಬೊಬ್ಬರೇ ಮನೆಗೆ ಹೊರಟರು. ಒಂಬತ್ತೂಕಾಲಾದರೂ ಹಲಗೆಯ ಮೇಲೆ ನೀಲಿ ಅಂಚಿನದೊಂದು ಉಳಿದಿತ್ತು. ಅದು ವಿಭಾ ಅವರದು. ಅರ್ಜುನ ಅದನ್ನು ನೋಡಿ, ಆ ಮೇಡಂ ಆಚೆ ಕಡೆಯಿಂದ ಹೈವೇಗೆ ಇಳಿದು ಹೋಗಿರುತ್ತಾರೆ, ಚಾವಿ ಮರೆತಿರುತ್ತಾರೆ ಎಂದ. ಅವರ ಫೋನ್ ನಂಬರು ಯಾರ ಹತ್ತಿರವೂ ಇರಲಿಲ್ಲ. ನನಗೂ ಅವನ ಮಾತನ್ನೇ ನಂಬಬೇಕಾಗಿತ್ತು. ಬೊರಿವಲಿಯಲ್ಲಿ ನನ್ನ ಭಾವಮೈದುನನ ಮನೆಯ ಗೃಹಪ್ರವೇಶ, ಹನ್ನೊಂದಕ್ಕೆ ಅಲ್ಲಿರಬೇಕು, ಪುಟ್ಟಲಕ್ಷ್ಮಿ ಆಗಲೇ ಎರಡು ಸಲ ಫೋನ್ ಮಾಡಿದ್ದಳು.

"ಚಾವಿ ಬಿಟ್ಟು ಮನೀಗೆ ಹ್ಯಾಂಗ ಹೋಗ್ತಾರ್ರಿ?" ಎಂದಳು ರಾಚವ್ವ. ಆಮೇಲೆ ಅಲ್ಲುಳಿದಿದ್ದ ನಮ್ಮಿಬ್ಬರನ್ನೂ ನೋಡಿ ಕೇಳಿದಳು. "ನೀಲಿ ಅಂಚಿನವ್ರು ಯಾವ ದಾರಿ ಹಿಡದ್ರು, ಯಾರರ ನೋಡೀರೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ತಲೆ ಬಗ್ಗಿಸಿ ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡತೊಡಗಿದೆ. ಐವತ್ತನಾಲ್ಕು ವರ್ಷದ ಗಂಡಸು, ಆಫೀಸಿನಲ್ಲಿ ಇಪ್ಪತ್ತು ಜನಕ್ಕೆ ಬುದ್ಧಿ ಹೇಳುವವನು, ಆ ಪಟ್ಟಿಯನ್ನೇ ಎಳೆದೆಳೆದು ನೋಡುತ್ತಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ರಾಚವ್ವ ಸ್ಟೋವ್ ಆರಿಸಿದಳು. ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ತನ್ನ ಖೋಲಿಯ ಚಾವಿ ತೆಗೆದು ನೀಲಿ ಅಂಚಿನ ಪಕ್ಕದ ಮೊಳೆಗೆ ಹಾಕಿದಳು. ಅರ್ಜುನ ಬೆರಗಾಗಿ, ಆಂಟಿ, ನಿಮ್ದು ಯಾಕೆ ಎಂದು ಕೇಳಿದ.

"ಗುಡ್ಡಾ ಹತ್ತೋರು ಚಾವಿ ಇಟ್ಟ ಹೋಗಬೇಕಪಾ. ನನಗೇನು ಬ್ಯಾರೆ ಕಾಯ್ದೆ ಐತೇನು?"

ಅಲ್ಲಿ ಗಾಡಿ ನಿಲ್ಲಿಸಿದ ಅಷ್ಟು ವರ್ಷದಲ್ಲಿ ಅವಳು ಆ ಗುಡ್ಡವನ್ನು ಒಮ್ಮೆಯೂ ಹತ್ತಿರಲಿಲ್ಲ. ಮಂಡಿನೋವಿಗೆ ದಿನಾ ಎಣ್ಣೆ ತಿಕ್ಕಿಕೊಳ್ಳುವವಳು. ಸವೆದ ಹವಾಯಿ ಚಪ್ಪಲಿ ಮೆಟ್ಟಿ, ಒಂದು ಕೋಲು ಹಿಡಿದು ಅವಳು ಕೆಮ್ಮಣ್ಣಿಗೆ ಕಾಲಿಟ್ಟಳು. ನಾನು ಓಡಿಹೋಗಿ ಅವಳೆದುರು ನಿಂತೆ.

"ರಾಚವ್ವ, ಗಣಿ ದಾರಿ ಒಣಗಿದೆ ಅಂತ ಅವರಿಗೆ ನಾನೇ ಹೇಳಿದ್ದು. ನಾನು ನೋಡಿರಲಿಲ್ಲ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಹಂಗಾರ ಎಲ್ಲಿ ಹುಡುಕಬೇಕಂತ ಗೊತ್ತಾತಲ್ರಿ," ಎಂದಳು. "ನಡೀರಿ."

ನಾನು ವಾಪಸು ಹೋಗಿ ಕೆಂಪಂಚಿನ ಚಾವಿಯನ್ನು ಮತ್ತೆ ಮೊಳೆಗೆ ಹಾಕಿದೆ. ಅರ್ಜುನ ಆಗತಾನೇ ತಟ್ಟೆಗೆ ರೊಟ್ಟಿ ಹಾಕಿಸಿಕೊಂಡು ಕೂತಿದ್ದವನು, ತಾನೂ ಬರುತ್ತೇನೆಂದು ಎದ್ದ. ಹಲಗೆಯ ಹತ್ತಿರ ಒಬ್ಬರು ಇರಲೇಬೇಕು, ಆಕೆ ಆಚೆಯಿಂದ ಬಂದರೂ ಬಂದಳು, ಮೂರೂ ಇಳಿಯುವ ತನಕ ಕದಲಬೇಡ ಎಂದು ರಾಚವ್ವ ಅವನನ್ನು ಅಲ್ಲೇ ಕೂರಿಸಿದಳು.

ಗಣಿ ದಾರಿಯನ್ನು ಕೆಳಗಿನಿಂದ ಹತ್ತಿದೆವು. ಇಪ್ಪತ್ತು ಹೆಜ್ಜೆಗೊಮ್ಮೆ ಅವಳು ಕೂರುತ್ತಿದ್ದಳು, ಎದ್ದು ಮತ್ತೆ ನಡೆಯುತ್ತಿದ್ದಳು. ಹೆಸರು ವಿಭಾ ಎಂದು ಹೇಳಿಕೊಟ್ಟೆ. ಯವ್ವಾ ವಿಭಾ, ಯವ್ವಾ ವಿಭಾ ಎಂದು ಮಗಳನ್ನು ಕೂಗುವ ಹಾಗೆ ಗುಡ್ಡವೆಲ್ಲ ಕೇಳುವಂತೆ ಕೂಗಿದಳು. ಆ ಗುಡ್ಡದಲ್ಲಿ ಚಿರತೆಯಿದೆ, ನಮಗೆಲ್ಲರಿಗೂ ಗೊತ್ತು. ಬಂಡೆಗಳ ಮೇಲೆ ಪಾಚಿ ಹಸಿರಾಗಿ ಮಿರುಗುತ್ತಿತ್ತು. ಒಂದೊಂದು ಬಂಡೆ ನೋಡಿದಾಗಲೂ ಇದರ ಮೇಲೆ ಹೋಗು ಎಂದವನು ನಾನಲ್ಲವೇ ಎಂದುಕೊಳ್ಳುತ್ತಿದ್ದೆ.

ಮೊದಲು ಕಂಡದ್ದು ಸೈಕಲ್ಲಿನ ಚಕ್ರ. ಅದರ ಕೆಳಗೆ ಎರಡಾಳು ಆಳದ ಕೊರಕಲಿನಲ್ಲಿ ವಿಭಾ ಕೂತಿದ್ದರು. ಪಾದ ತಿರುಚಿ ಕುಂಬಳದಷ್ಟು ಊದಿತ್ತು, ಫೋನು ಒಡೆದು ಪಕ್ಕದಲ್ಲಿ ಬಿದ್ದಿತ್ತು. ಅತ್ತು ಕರೆದು ಏನೂ ಇರಲಿಲ್ಲ. ಪಕ್ಕದ ಇಳಿಜಾರು ಹಿಡಿದು ನಾವಿಬ್ಬರೂ ಕೆಳಗಿಳಿದೆವು, ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ.

"ನನ್ನ ಚಾವಿ ಅಲ್ಲೇ ಐತಲ್ರಿ ಸರ್," ಎಂದರು. "ರಾಚವ್ವ ಉಣ್ಣದ ಕುಂತಿರ್ತಾರ ಅಂತ ಗೊತ್ತಿತ್ತು."

ನಾನು ತಪ್ಪಾಯಿತು ಎಂದೆ. ಅದಕ್ಕಿಂತ ದೊಡ್ಡ ಮಾತು ಸಿಗಲಿಲ್ಲ. ಮುಂದಿನ ಸಲ ಗೊತ್ತಿಲ್ಲ ಅಂದುಬಿಡಿ ಎಂದು ಅವರು ಆ ನೋವಿನಲ್ಲೂ ಸಣ್ಣಗೆ ನಕ್ಕರು. ರಾಚವ್ವ ತನ್ನ ಸೀರೆಯ ಅಂಚನ್ನು ಹರಿದು, ಕೋಲು ಮುರಿದು ಆಸರೆ ಕೊಟ್ಟು, ಪಾದವನ್ನು ಕಟ್ಟಿದಳು. ಕೂಗು ಕೇಳಿ ಹತ್ತಿರದ ಪಾಡಾ ಎನ್ನುವ ಆದಿವಾಸಿ ಹಾಡಿಯಿಂದ ಇಬ್ಬರು ವಾರ್ಲಿ ಗಂಡಸರು ಚಾದರ ತಂದರು. ಅದರಲ್ಲಿ ವಿಭಾ ಅವರನ್ನು ಮಲಗಿಸಿ ನಿಧಾನಕ್ಕೆ ಇಳಿಸಿಕೊಂಡು ಬರುವ ಹೊತ್ತಿಗೆ ಹನ್ನೊಂದೂವರೆ.

ಕೆಳಗೆ ಅರ್ಜುನ ಹುಣಸೆ ಮರದಡಿ ಹಲಗೆಗೆ ಕಾವಲು ನಿಂತ ಹಾಗೆ ನಿಂತಿದ್ದ. ನಮ್ಮನ್ನು ನೋಡಿದವನೇ ಓಡಿಹೋಗಿ ರಿಕ್ಷಾ ಹಿಡಿದು ತಂದ. ವಿಭಾ ಅವರನ್ನು ಒಳಗೆ ಕೂರಿಸಿ, ಆಸ್ಪತ್ರೆಗೆ ಜೊತೆಗೆ ಹೋಗಲು ನಾನೂ ಹತ್ತಿದೆ. ಅವನು ನೀಲಿ ಅಂಚಿನದನ್ನು ಇಳಿಸಿ ವಿಭಾ ಅವರ ಅಂಗೈಲಿಟ್ಟ. ಕೆಂಪಂಚಿನದನ್ನು ನನಗೆ ಕೊಟ್ಟ. ಕೊನೆಗೆ ರಾಚವ್ವನದು. ಅದಕ್ಕೆ ಪಟ್ಟಿ ಇರಲಿಲ್ಲ, ಒಂದು ಕರಿದಾರ ಮಾತ್ರ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಚಾವಿ ಈಸಿಕೊಂಡು ರಾಚವ್ವ ಗಾಡಿಯ ಕಡೆ ನೋಡಿದಳು. ತಟ್ಟೆಯಲ್ಲಿ ರೊಟ್ಟಿ ಇಟ್ಟದ್ದು ಇಟ್ಟ ಹಾಗೇ ಇತ್ತು, ಒಂದು ಚೂರೂ ಮುರಿದಿರಲಿಲ್ಲ.

"ತಿಂದಿಲ್ಲೇನಪಾ?"

"ನೀವು ಬಂದಿರ್ಲಿಲ್ಲ ಅಲ್ವಾ ಆಂಟಿ," ಎಂದ ಅರ್ಜುನ.

ರಾಚವ್ವ ಅಲ್ಲೇ ಮರದ ಬೇರಿನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಳ್ಳದೆ ಅತ್ತಳು. ಗುಡ್ಡದಲ್ಲಿ ಅಳದವಳು, ಗಂಡನ ವಿಷಯ ಹೇಳುವಾಗಲೂ ಅಳದವಳು.

"ಇಷ್ಟ ವರ್ಷದಾಗ ನನ್ನ ಸಲುವಾಗಿ ಯಾರೂ ಹಸಕೊಂಡ ಕುಂತಿರ್ಲಿಲ್ಲೋ ತಮ್ಮಾ."

ನನ್ನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಪುಟ್ಟಲಕ್ಷ್ಮಿಯದೇ ಇರಬೇಕು. ರಾಚವ್ವ ಕಣ್ಣೊರೆಸಿಕೊಂಡು ಎದ್ದು, ತಣ್ಣಗಾಗಿದ್ದ ಆ ಒಂದು ರೊಟ್ಟಿಯನ್ನೇ ನಾಲ್ಕು ಚೂರು ಮಾಡಿದಳು. ಒಂದನ್ನು ಅರ್ಜುನನಿಗೆ ಕೊಟ್ಟಳು. ಎರಡನ್ನು ರಿಕ್ಷಾದೊಳಗೆ ಕೈಚಾಚಿ ನಮಗೆ ಕೊಟ್ಟಳು. ಉಳಿದದ್ದನ್ನು ತಾನು ಬಾಯಿಗಿಟ್ಟುಕೊಂಡಳು.