ತಿರುವಿಗೆ ಹೊಯ್ದ ನೀರು

ಸತ್ತವರಿಗಾಗಿ ಊರವರೆಲ್ಲ ಒಂದು ನಿಮಿಷ ಮೌನ ಆಚರಿಸುತ್ತಾರೆ. ಅವನ ಅಭಿಮಾನಿಗಳ ಗುಂಪಿನ ನಾವು ಒಂದು ನಿಮಿಷ ಗಲಾಟೆ ಮಾಡುತ್ತೇವೆ. ಪ್ರತಿ ವರ್ಷ ಅವನು ತೀರಿಹೋದ ದಿನ ಸಂಜೆ ಐದು ಗಂಟೆಗೆ, ಕೂಳೂರಿನಲ್ಲಿ ಹೆದ್ದಾರಿಗೆ ತಾಗಿರುವ ಅವನ ತಾಯಿಯ ಹೋಟೆಲಿನ ಹಿಂದಿನ ಅಂಗಳದಲ್ಲಿ ಹದಿನೈದು ಇಪ್ಪತ್ತು ಕಾರುಗಳು ಬಂದು ನಿಲ್ಲುತ್ತವೆ. ಎಲ್ಲರೂ ಒಟ್ಟಿಗೆ ಇಂಜಿನ್ ಶುರು ಮಾಡಿ ಒಂದು ನಿಮಿಷ ಎಕ್ಸಲರೇಟರ್ ತುಳಿದು ಹಿಡಿಯುತ್ತೇವೆ. ಕಿವಿ ಗುಂಯ್ ಅನ್ನುತ್ತದೆ, ಹೊಗೆಗೆ ಕಣ್ಣು ಉರಿಯುತ್ತದೆ, ಯಾರಾದರೂ ಕಣ್ಣೊರೆಸಿಕೊಂಡರೆ ಕಾರಣ ಕೇಳುವವರಿಲ್ಲ. ಆಮೇಲೆ ಅವನ ತಾಯಿ ಎಲ್ಲರಿಗೂ ಬಿಸಿ ಗೋಳಿಬಜೆ ಕೊಡುತ್ತಾರೆ.

ಅವನು ನಮ್ಮೂರಿನ ರ‍್ಯಾಲಿ ಡ್ರೈವರ್. ಹೋಟೆಲಿಗೆ ತರಕಾರಿ ತರುವ ವ್ಯಾನನ್ನು ಓಡಿಸುತ್ತಲೇ ಸ್ಟೇರಿಂಗ್ ಹಿಡಿಯಲು ಕಲಿತವನು. ಸಾಯುವಾಗ ಇಪ್ಪತ್ತಾರು ವರ್ಷ. ಗೆದ್ದಾಗ ಬೀಗಿದ್ದು ನೋಡಿಲ್ಲ, ಸೋತಾಗ ಮುಖ ಸಿಂಡರಿಸಿದ್ದೂ ನೋಡಿಲ್ಲ. ರೇಸಿನ ಹಿಂದಿನ ದಿನ ನಮ್ಮ ಹತ್ತಿರ ಬಂದು, "ನಾಳೆ ನೀವು ಯಾವ ತಿರುವಿನಲ್ಲಿ ನಿಲ್ತೀರಿ ಮಾರಾಯ್ರೆ? ಅಲ್ಲಿ ಸ್ವಲ್ಪ ಚೆಂದ ಮಾಡಿ ತಿರುಗಿಸ್ತೇನೆ" ಅನ್ನುತ್ತಿದ್ದ. ಅಷ್ಟು ಹೇಳಿದರೆ ಸಾಕಲ್ಲ, ನಮಗೆ ಸ್ವರ್ಗ ಮೂರೇ ಗೇಣು.

ನಾನು ಬಂದರಿನ ಬ್ಯಾರಿ ವ್ಯಾಪಾರಿಗಳ ಮನೆಯವನು. ಅಣ್ಣಂದಿರು ಗಲ್ಫಿಗೆ ಹೋದರು, ನಾನು ಇಲ್ಲೇ ಉಳಿದು ಕಾರಿನ ಸೀಟ್ ಕವರ್ ಅಂಗಡಿ ಇಟ್ಟೆ. ಅವನ ರ‍್ಯಾಲಿ ಕಾರಿನ ಸೀಟಿಗೆ ಬಟ್ಟೆ ಹೊಲಿದವನು ನಾನೇ. ಬೆನ್ನಿನ ಅಳತೆ ತೆಗೆಯುವಾಗ ಅವನಿಗೆ ಕಚಗುಳಿಯಾಗಿ, ಚಿಕ್ಕ ಮಕ್ಕಳ ಹಾಗೆ ಕುಣಿದಾಡಿದ್ದ. ಅವನ ಬೆನ್ನು ನನಗೆ ಗೊತ್ತು ಎಂಬ ಜಂಬ ನನಗೆ ಬಹಳ ದಿನ ಇತ್ತು. ಅಭಿಮಾನಿಗಳ ಬುದ್ಧಿಯೇ ಹಾಗೆ. ಒಂದು ಚೂರು ಸಿಕ್ಕಿದರೆ ಇಡೀ ಮನುಷ್ಯ ನಮ್ಮವನೇ ಎಂದುಕೊಳ್ಳುತ್ತೇವೆ.

ಹನ್ನೊಂದು ವರ್ಷದ ಹಿಂದಿನ ಆ ಬೆಳಿಗ್ಗೆಯನ್ನು ಈಗ ಹೇಳಬೇಕು. ಇಷ್ಟು ದಿನ ಅದು ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ರೇಸ್ ಇದ್ದದ್ದು ಪಣಂಬೂರಿನ ಆಚೆ, ಏನೂ ಕಟ್ಟದೆ ಬಿಟ್ಟಿದ್ದ ಒಂದು ದೊಡ್ಡ ಖಾಲಿ ಜಾಗದಲ್ಲಿ. ಕೆಂಪು ಮಣ್ಣಿನ ರಸ್ತೆ, ಬದಿಯಲ್ಲಿ ಮುರಕಲ್ಲಿನ ಹಳೆಯ ಕಂಪೌಂಡ್ ಗೋಡೆ. ಕಾರಿನಲ್ಲಿ ಇಬ್ಬರು ಇರುತ್ತಾರೆ. ಒಬ್ಬ ಓಡಿಸುತ್ತಾನೆ, ಪಕ್ಕದಲ್ಲಿ ಕೂತ ನ್ಯಾವಿಗೇಟರ್ ಮೊದಲೇ ಬರೆದಿಟ್ಟುಕೊಂಡ ನೋಟ್ಸ್ ನೋಡಿ ಮುಂದಿನ ತಿರುವು ಎಂಥದ್ದು, ಎಷ್ಟು ವೇಗ ಸಾಕು ಎಂದು ಕೂಗಿ ಹೇಳುತ್ತಾನೆ. ಅವನ ನ್ಯಾವಿಗೇಟರ್ ಹೊಳೆಯಾಚೆಯ ಬೆಂಗ್ರೆಯವನು, ದೋಣಿ ಬಲೆಗಳ ಮನೆಯಲ್ಲಿ ಹುಟ್ಟಿದವನು. ಇಬ್ಬರಿಗೂ ಶಾಲೆಯಿಂದಲೇ ಸ್ನೇಹ.

ಅದೇ ರಸ್ತೆಯಲ್ಲಿ ಎರಡು ಸಲ ಓಡಿಸಬೇಕಿತ್ತು. ಮೊದಲ ಸಲ ನಮ್ಮವನೇ ಮುಂದೆ. ಆದರೆ ನಾವು ನಿಂತಿದ್ದ ಎಡ ತಿರುವಿನಲ್ಲಿ ಧೂಳು ಬಿಟ್ಟರೆ ಬೇರೆ ಏನೂ ಕಾಣಲಿಲ್ಲ. ನನ್ನ ಜೊತೆಗಿದ್ದ ಗೆಳೆಯ ಮೊಬೈಲ್ ನೋಡಿ ಗೊಣಗಿದ.

"ಎಂತ ವಿಡಿಯೋ ಇದು, ಬರೀ ಹುಡಿ. ಸ್ವಲ್ಪ ನೀರು ಹಾಕುವನಾ? ಧೂಳೂ ಇರುದಿಲ್ಲ, ಹಿಂದಿನ ಚಕ್ರ ಚೆಂದ ಜಾರ್ತದೆ."

ಮಣ್ಣಿನ ರೇಸುಗಳಲ್ಲಿ ಇದು ಹೊಸತೇನಲ್ಲ. ಧೂಳು ಜಾಸ್ತಿಯಾದರೆ ರೇಸ್ ನಡೆಸುವವರೇ ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಾರೆ. ಆದರೆ ಆಗ ಎಲ್ಲ ತಂಡಗಳಿಗೂ ಹೇಳುತ್ತಾರೆ, ನೋಟ್ಸ್ ತಿದ್ದಿಕೊಳ್ಳುತ್ತಾರೆ. ನಾವು ಯಾರಿಗೂ ಹೇಳಲಿಲ್ಲ. ಆ ತಿರುವನ್ನು ಕಾಯಬೇಕಿದ್ದ ಮಾರ್ಷಲ್ ಮುಂದೆ ಗುಂಪು ಸೇರಿದ್ದ ಜನರನ್ನು ಹಿಂದೆ ಸರಿಸಲು ಹೋಗಿದ್ದ. ಆ ಜಾಗದ ಕಾವಲುಗಾರನ ಶೆಡ್ಡಿನಿಂದ ಎರಡು ಖಾಲಿ ಪೈಂಟ್ ಬಕೆಟ್ ತಂದು, ಗೋಡೆಯ ಆಚೆಯ ತೋಡಿನಿಂದ ನೀರು ಹೊತ್ತೆವು. ಆರು ಬಕೆಟ್. ಅವನಿಗೆ ಚೆಂದ ಮಾಡಿ ತಿರುಗಿಸಲು ಅನುಕೂಲ ಮಾಡಿಕೊಡುತ್ತಿದ್ದೇವೆ ಎಂದೇ ನಾನು ನಂಬಿದ್ದೆ. ಮದುವೆ ಮನೆಗೆ ಚಪ್ಪರ ಹಾಕುವವರ ಹಾಗೆ ಖುಷಿಯಲ್ಲಿದ್ದೆ.

ಮೊದಲ ಸಲ ಮುಂದಿದ್ದವನು ಎರಡನೇ ಸಲ ಮೊದಲು ಹೊರಡಬೇಕು. ಹಾಗಾಗಿ ಆ ನೀರಿನ ಮೇಲೆ ಬಂದ ಮೊದಲ ಕಾರು ಅವನದೇ. ಹಿಂದಿನ ಚಕ್ರ ನಿಜವಾಗಿಯೂ ಚೆಂದ ಜಾರಿತು. ಆಮೇಲೆ ಜಾರುತ್ತಲೇ ಹೋಯಿತು. ಕಾರಿನ ಬಲಬದಿ, ಅವನು ಕೂತ ಬದಿ, ಗೋಡೆಗೆ ಬಡಿಯಿತು.

ಜನರೆಲ್ಲ ಕಾರಿನ ಕಡೆ ಓಡಿದರು. ನಾನು ಓಡಲಿಲ್ಲ. ರಸ್ತೆಬದಿಯ ಒಣ ಮಣ್ಣನ್ನು ಕಾಲಿನಿಂದ ಎಳೆದೆಳೆದು ಒದ್ದೆಯ ಮೇಲೆ ಹರಡಿದೆ. ಯಾರೂ ಹೇಳಿಕೊಡದಿದ್ದರೂ ಹೆದರಿಕೆಗೆ ಆ ಬುದ್ಧಿ ತಾನಾಗಿಯೇ ಬಂತು. ಹಿಂದಿನಿಂದ ಓಡಿಬಂದವರ ಕಾಲುಗಳು ಉಳಿದದ್ದನ್ನು ಅಳಿಸಿದವು.

ಅವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ನ್ಯಾವಿಗೇಟರನ ಕೈ ಮುರಿದಿತ್ತು, ಜೀವ ಉಳಿದಿತ್ತು. ತಿರುವು ಒದ್ದೆ ಇತ್ತು ಎಂದು ಅವನು ಕೇಳಿದವರಿಗೆಲ್ಲ ಹೇಳಿದ. ರೇಸ್ ನಡೆಸಿದವರು ಹೋಗಿ ನೋಡಿದರೆ ಮಣ್ಣು ಒಣಗಿತ್ತು. ಅಲ್ಲಿಗೆ ಊರು ತೀರ್ಪು ಕೊಟ್ಟಿತು. ಇವನು ನೋಟ್ಸ್ ತಡವಾಗಿ ಓದಿದ್ದಾನೆ, ತಪ್ಪು ಮುಚ್ಚಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೆ, ಅಷ್ಟೆ. ಮೊದಲ ವರ್ಷದ ಸ್ಮರಣೆಗೆ ಅವನು ಕೂಳೂರಿಗೆ ಬಂದಿದ್ದ. ಅವನನ್ನು ಕಂಡು ತಾಯಿ ಎದ್ದು ಒಳಗೆ ಹೋದರು. ನಮ್ಮವರು ಅವನನ್ನು ಅಂಗಳದಿಂದ ಹೊರಗೆ ಕಳಿಸಿದರು. ಮತ್ತೆ ಯಾವ ವರ್ಷವೂ ಅವನು ಸ್ಮರಣೆಗೆ ಬರಲಿಲ್ಲ.

ಕ್ರಮೇಣ ಅದು ನಮ್ಮಲ್ಲಿ ಒಂದು ತಮಾಷೆಯೇ ಆಯಿತು. ಯಾರಾದರೂ ತಡವಾಗಿ ಬಂದು ಏನಾದರೂ ನೆಪ ಹೇಳಿದರೆ, "ಹೌದೌದು, ಮಳೆ ಹೋಗಿ ಮೂರು ತಿಂಗಳಾದ್ರೂ ರಸ್ತೆ ಒದ್ದೆ ಇತ್ತಲ್ವಾ" ಎಂದು ಒಬ್ಬ ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಸ್ವಲ್ಪ ಪ್ರಾಮಾಣಿಕತೆ ಇರುತ್ತದೆ. ನಾನು ಹೆಗಲು ಮುಟ್ಟಿಕೊಳ್ಳದೆ ಬೇರೆಯವನ ಹೆಗಲು ತೋರಿಸಿದವನು.

ಈ ವರ್ಷ ಸ್ಮರಣೆಗೆ ಮೂರು ದಿನ ಇರುವಾಗ ಬಂದರಿನ ಧಕ್ಕೆಯಲ್ಲಿ ಆ ನ್ಯಾವಿಗೇಟರ್ ಸಿಕ್ಕಿದ. ಈಗ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಾನೆ. ಬೆಂಗ್ರೆಗೆ ಹೋಗುವ ದೋಣಿಗೆ ಕಾಯುತ್ತಿದ್ದ. ಸಾಮಾನ್ಯವಾಗಿ ನನ್ನನ್ನು ಕಂಡರೆ ತಲೆ ಆಡಿಸಿ ಸುಮ್ಮನಾಗುವವನು, ಆ ದಿನ ಹತ್ತಿರ ಬಂದು ಮೊಬೈಲ್ ತೋರಿಸಿದ. ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಯಾರೋ ಮಾಡಿದ ರೀಲ್. ಸತ್ತವನ ಹಳೆಯ ಫೋಟೋಗಳು, ಹಿಂದೆ ಅಳುವ ಸಂಗೀತ. ಕೊನೆಯಲ್ಲಿ ನ್ಯಾವಿಗೇಟರನ ಮುಖ, ಅದರ ಸುತ್ತ ಕೆಂಪು ಗೆರೆ, ಕೆಳಗೆ 'ಇವನನ್ನು ಮರೆಯಬೇಡಿ' ಎಂಬ ಬರಹ.

"ನನಗೆ ಅಭ್ಯಾಸ ಆಗಿದೆ ಮಾರಾಯ," ಅಂದ. "ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಶಾಲೆಯಲ್ಲಿ ಯಾರೋ ತೋರಿಸಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ ಕೇಳಿದಳು, 'ಅಪ್ಪಾ, ಆ ಮಾಮನನ್ನು ಕೊಂದದ್ದು ನೀವಾ?' ನಾನು ಎಂತ ಹೇಳುದು? ನಿಮ್ಮ ಗುಂಪಿನವರಿಗೆ ಹೇಳಿ ಅದನ್ನು ತೆಗೆಸು. ಬೇರೆ ಎಂತ ಬೇಡ."

ಹೇಳುತ್ತೇನೆ ಎಂದೆ. ದೋಣಿ ಬಂತು, ಹತ್ತಿ ಹೋದ. ನಾನು ಅಲ್ಲಿಯೇ ಮೀನಿನ ಬುಟ್ಟಿಗಳ ನಡುವೆ ನಿಂತೆ. ಒಬ್ಬ ಗಂಡಸನ್ನು ಹನ್ನೊಂದು ವರ್ಷ ಕೊಲೆಗಾರ ಮಾಡಿದ್ದು ಸಾಲದೆ, ಈಗ ಅವನ ಮಗಳೆದುರೂ ಮಾಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸ್ಮರಣೆಯ ಸಂಜೆ ಕೂಳೂರಿಗೆ ಹೋದೆ. ಇಂಜಿನ್‌ಗಳ ಒಂದು ನಿಮಿಷ ಮುಗಿಯಿತು. ಬಾಳೆಲೆಯ ತುಂಡಿನಲ್ಲಿ ಗೋಳಿಬಜೆ ಬಂತು. ತಾಯಿ ಎಂದಿನಂತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಗನ ಕತೆಗಳನ್ನು ಹೊಸದಾಗಿ ಕೇಳುವವರ ಹಾಗೆ ಕೇಳುತ್ತಿದ್ದರು. ರೀಲಿನ ಮಾತು ಎತ್ತಿದೆ. ಅದನ್ನು ತೆಗೆಯಿರಿ ಅಂದೆ. ಅಂದು ನನ್ನ ಜೊತೆ ಬಕೆಟ್ ಹೊತ್ತ ಗೆಳೆಯನೇ ಈಗ ಗುಂಪಿನ ಮುಖಂಡ. ಅವನು ನಕ್ಕ.

"ಯಾಕೆ, ನಿನಗೂ ರಸ್ತೆ ಒದ್ದೆ ಕಂಡಿತಾ?"

ಎಲ್ಲರೂ ನಕ್ಕರು. ನಾನು ಗೋಳಿಬಜೆಯ ಎಲೆಯನ್ನು ಕೆಳಗಿಟ್ಟೆ.

"ಒದ್ದೆಯೇ ಇತ್ತು. ನೀರು ಹಾಕಿದ್ದು ನಾವು. ನೀನು ಮತ್ತು ನಾನು. ಆರು ಬಕೆಟ್."

ಗೆಳೆಯನ ಮುಖ ಕಪ್ಪಿಟ್ಟಿತು. ಅವನು ನನ್ನ ಭುಜಕ್ಕೆ ಕೈಹಾಕಿ, "ಇವನಿಗೆ ತಲೆ ಸರಿ ಇಲ್ಲ ಇವತ್ತು. ಆರು ಬಕೆಟ್ ನೀರಿಗೆ ಎಂತ ಆಗ್ತದೆ ಮಾರಾಯ? ಅವನಂಥ ಡ್ರೈವರಿಗೆ ಅದೆಲ್ಲ ಒಂದು ಲೆಕ್ಕವಾ?" ಅಂದ. ಹಲವರು ತಲೆಯಾಡಿಸಿದರು. ಒಬ್ಬ ನನಗೆ ನೀರು ತಂದುಕೊಟ್ಟ. ನನ್ನನ್ನು ಸಮಾಧಾನ ಮಾಡಿದರು! ಹನ್ನೊಂದು ವರ್ಷ ಒಬ್ಬನನ್ನು ಬೈದದ್ದು ಸುಳ್ಳಾಗುವುದಕ್ಕಿಂತ ನನಗೆ ಹುಚ್ಚು ಹಿಡಿಯುವುದೇ ಅವರಿಗೆ ಸುಲಭವಾಗಿತ್ತು.

ತಾಯಿ ಮಾತ್ರ ಕುರ್ಚಿಯಿಂದ ಎದ್ದು ನನ್ನೆದುರು ಬಂದರು.

"ಆ ಹುಡುಗ ಮೂರು ಸಲ ಮನೆಗೆ ಬಂದಿದ್ದ. ನಾನು ಬಾಗಿಲು ತೆಗೆಯಲಿಲ್ಲ," ಅಂದರು. "ಅವನ ಮನೆ ನಿನಗೆ ಗೊತ್ತುಂಟಾ?"

"ಉಂಟು ಅಮ್ಮ."

"ನಡಿ."

ಚಪ್ಪಲಿ ಮೆಟ್ಟಿಕೊಂಡು, ಹೋಟೆಲಿನವರಿಗೂ ಹೇಳದೆ ನನ್ನ ಕಾರಿನಲ್ಲಿ ಕೂತರು. ಬಂದರಿನಲ್ಲಿ ಕಾರು ನಿಲ್ಲಿಸಿದೆ. ಬೆಂಗ್ರೆಯ ದೋಣಿ ಹತ್ತಿದೆವು. ಕೆಲಸ ಮುಗಿಸಿ ಮರಳುವವರು ತುಂಬಿದ್ದರು, ಯಾರೋ ಅವರಿಗೆ ಕೂರಲು ಜಾಗ ಬಿಟ್ಟರು. ಹೊಳೆಯ ನಡುವೆ ಬಂದಾಗ ನಾನು ಉಳಿದದ್ದನ್ನೂ ಹೇಳಿದೆ. ಕಾರು ಗೋಡೆಗೆ ಬಡಿದ ಮೇಲೆ ನಾನು ಓಡದೆ ಒಣ ಮಣ್ಣು ಎಳೆದದ್ದನ್ನು. ಅಂಗಳದಲ್ಲಿ ಅಷ್ಟು ಜನರೆದುರು ಅದನ್ನು ಹೇಳಲು ನನಗೆ ಎದೆ ಸಾಕಾಗಿರಲಿಲ್ಲ.

ಅವರು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನೀರನ್ನೇ ನೋಡುತ್ತಿದ್ದರು.

"ನೀನು ಮಣ್ಣು ಎಳೆಯುವಾಗ ಅವನಿಗೆ ಜೀವ ಇತ್ತಾ?"

"ಗೊತ್ತಿಲ್ಲ ಅಮ್ಮ. ನಾನು ಆ ಕಡೆ ನೋಡಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲವನ್ನು ಕಾಲ ಕೆಳಗೆ ಸರಿಸಿಕೊಂಡಳು, ದೋಣಿ ದಡಕ್ಕೆ ತಾಗಿತು.

ಅವನ ಮನೆ ಧಕ್ಕೆಯಿಂದ ಐದು ನಿಮಿಷದ ನಡಿಗೆ. ಜಗಲಿಯಲ್ಲಿ ಮಗಳು ಓದುತ್ತಿದ್ದಳು. ನಮ್ಮನ್ನು ನೋಡಿ ಅಪ್ಪನನ್ನು ಕರೆದಳು. ಅವನು ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಬಂದವನು, ತಾಯಿಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ನಾನು ಆರು ಬಕೆಟಿನ ಮಾತನ್ನು, ಮಣ್ಣಿನ ಮಾತನ್ನು ಅವನ ಮಗಳಿಗೂ ಕೇಳಿಸುವ ಹಾಗೆ ಹೇಳಿದೆ. ಅವನು ನನ್ನ ಮುಖ ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ.

ತಾಯಿ ಅವನ ಮುರಿದು ಕೂಡಿಸಿದ ಕೈಯನ್ನು ಹಿಡಿದುಕೊಂಡರು. ಕ್ಷಮೆ ಕೇಳಲು ಬಂದಿದ್ದಾರೆ ಎಂದು ನಾನು ತಿಳಿದಿದ್ದೆ. ಅವರಿಗೆ ಬೇಕಾಗಿದ್ದದ್ದು ಬೇರೆಯೇ.

"ಅವನ ಹತ್ತಿರ ಇದ್ದದ್ದು ನೀನೊಬ್ಬನೇ ಮಗಾ," ಅಂದರು. "ಕೊನೆಗೆ ಅವನು ಎಂತಾದರೂ ಹೇಳಿದನಾ?"

ಅವನು ಇನ್ನೊಂದು ಕೈಯನ್ನು ಅವರ ಕೈಯ ಮೇಲಿಟ್ಟ.

"ಹೇಳಿದ ಅಮ್ಮ. ಅದನ್ನು ಹೇಳ್ಲಿಕ್ಕೇ ನಾನು ಮೂರು ಸಲ ಬಂದದ್ದು. ಒಳಗೆ ಬನ್ನಿ, ಕೂತುಕೊಳ್ಳಿ."

ಅವರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದ. ನನ್ನನ್ನು ಕರೆಯಲಿಲ್ಲ. ಮಗಳೂ ಪುಸ್ತಕ ಎತ್ತಿಕೊಂಡು ಅವರ ಹಿಂದೆ ಹೋದಳು. ನಾನು ಅಂಗಳದಲ್ಲಿ ನಿಂತೆ. ಒಳಗೆ ಅವನ ದನಿ ತಗ್ಗಿತ್ತು, ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾಯಿ ಅಳುವುದು ಕೇಳಿಸಿತು. ಮಗ ಸತ್ತ ದಿನವೂ ಅವರು ಹೀಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ. ಮಗನ ಆ ಕೊನೆಯ ಮಾತು ಹನ್ನೊಂದು ವರ್ಷದಿಂದ ಒಂದು ಹೊಳೆಯ ಆಚೆ ಅವರಿಗಾಗಿ ಕಾದಿತ್ತು, ಮತ್ತು ಅದು ಅವರಿಗೆ ಮುಟ್ಟದ ಹಾಗೆ ನಡುವೆ ನಿಂತದ್ದು ನಾನು.