ಅಚ್ಬೆಲ್ಲ

ಚಡ್ಡಿ, ಬೂಟು ಹಾಕಿದ ಆರಡಿ ಹುಡುಗನೊಬ್ಬ ಬೀದಿಯಲ್ಲಿ ಕರುವಿನ ಮುಂದೆ ಬಗ್ಗಿ, ಅದರ ಮುಖ ನೀವಿ, ಬೆರಳುಗಳನ್ನು ತನ್ನ ಕಪಾಲಕ್ಕೆ ಒತ್ತಿ ಲಟಲಟನೆ ನೆಟಿಗೆ ಮುರಿದು, “ನನ್ ಅಚ್ಬೆಲ್ಲ, ಯಾರ್ ಕಣ್ಣೂ ಬೀಳ್ದೆ ಇರ್ಲಿ ಕಣವ್ವ” ಅಂದದ್ದನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲೇ. ಕರು ಅಚ್ಚುಬೆಲ್ಲವಂತೆ! ನಕ್ಕು ನಕ್ಕು ಕೈಯಲ್ಲಿದ್ದ ಹಾಲು ಅರ್ಧ ಚೆಲ್ಲಿ, ಅಮ್ಮನ ಕೈಲಿ ಚೆನ್ನಾಗಿ ಬೈಸಿಕೊಂಡೆ.

ಅವನ ಹೆಸರು ನಿಶಾಂತ್. ಹುಟ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ನನ್ನ ಮೊದಲ ಪಿಯುಸಿ ಮುಗಿದ ಬೇಸಿಗೆಯಲ್ಲಿ ಪಕ್ಕದ ಮನೆಯ ಶಾರದಾ ಆಂಟಿಯ ಮನೆಗೆ ಬಂದಿದ್ದ. ಆಂಟಿಯ ಮಗ ಅಲ್ಲಿ ಇವರ ನೆರೆಮನೆಯವನು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಇವನನ್ನು ಸಾಕಿದ್ದು ಅಜ್ಜಿ. ಕನ್ನಡ ಕಲಿಸಿದ್ದೂ ಅವಳೇ. ಹಾಗಾಗಿ ಹದಿನೇಳರ ಹುಡುಗನ ಬಾಯಲ್ಲಿ ಬರುತ್ತಿದ್ದುದು ಪೂರ್ತಿ ಮುದುಕಿಯ ಮಾತು. ಬಿಸಿಲಿನಿಂದ ಬಂದರೆ “ಉಸ್ಸಪ್ಪಾ ಸಿವ್ನೇ” ಅಂತ ಜಗಲಿಗೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದ. ಬಸ್ಸಿನ ಕಂಡಕ್ಟರನ್ನು “ಉಂಡ್ಯಾ ಮಗ?” ಅಂತ ವಿಚಾರಿಸುತ್ತಿದ್ದ. ನನ್ನನ್ನು ಕರೆಯುತ್ತಿದ್ದುದು “ಕೂಸೇ” ಅಂತ.

“ನಾನೇನು ನಿನ್ನ ಮೊಮ್ಮಗಳೇನೋ?” ಅಂತ ರೇಗುತ್ತಿದ್ದೆ.

“ಕ್ವಾಪ ಮಾಡ್ಕಬ್ಯಾಡ ಕೂಸೇ, ಒಟ್ಟೆ ಅಸ್ದದೆ ನಿಂಗೆ,” ಅನ್ನುತ್ತಿದ್ದ. ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ?

ಆ ಅಜ್ಜಿ ತೀರಿಕೊಂಡಿದ್ದಳು. ಅವಳ ತವರನ್ನು ಹುಡುಕಬೇಕೆಂಬ ಹಟಕ್ಕೇ ಇವನು ಬಂದದ್ದು. ತವರಿನವರ ಜೊತೆ ಮಾತು ಬಿಟ್ಟಿದ್ದ ಅವಳು ಊರಿನ ಹೆಸರನ್ನು ಯಾರ ಮುಂದೆಯೂ ಎತ್ತಿರಲಿಲ್ಲವಂತೆ. ಹೇಮಾವತಿ ಹೊಳೆ, ಮನೆ ಮುಂದೆ ಹೊಂಗೆ ಮರ, ಅಷ್ಟೇ ಗುರುತು. ಹೊಳೆ ದಂಡೆಯ ತುಂಬ ಹೊಂಗೆ ಮರಗಳೇ ಕಣೋ ಅಂದರೆ, “ನೋಡವಾ ಬುಡು” ಅನ್ನುತ್ತಿದ್ದ.

ಸಂಜೆ ಕಾವೇರಿಯ ಸೋಪಾನದ ಮೇಲೆ ಕೂತು ಅವನಿಗೆ ಅವನ ವಯಸ್ಸಿನ ಕನ್ನಡ ಕಲಿಸುತ್ತಿದ್ದೆ. ಒಂದು ದಿನ, “ಊರು ಸಿಗ್ದಿದ್ರೂ ಚಿಂತಿಲ್ಲ. ನೀನು ಸಿಕ್ದಲ್ಲ ಕೂಸೇ,” ಅಂದುಬಿಟ್ಟ. ಸುಳ್ಳೇಕೆ ಹೇಳಲಿ, ಅವತ್ತು ರಾತ್ರಿ ಊಟ ಸೇರಲಿಲ್ಲ. ನನಗೆ ಅವನ ಮೇಲೆ ಮನಸ್ಸಾಗಿ ಆಗಲೇ ಎಷ್ಟೋ ದಿನವಾಗಿತ್ತು. ಅಮ್ಮ ಮಾತ್ರ “ಅಣ್ಣ ಅನ್ನೇ” ಅಂತ ಪಾಠ ಮಾಡುತ್ತಲೇ ಇದ್ದಳು. ನಾನು “ಏಯ್” ಅಂತ ಕರೆದು ಕಾಲ ತಳ್ಳುತ್ತಿದ್ದೆ.

ಅಪ್ಪನ ಊರು ಅಕ್ಕಿಹೆಬ್ಬಾಳು ಹೇಮಾವತಿಯ ದಂಡೆಯಲ್ಲೇ ಇದೆ. ಅಪ್ಪನ ತಾಯಿ, ನಮ್ಮ ಅಜ್ಜಿ, ಅಲ್ಲೇ ಇದ್ದಾರೆ. ಸುತ್ತಲಿನ ಊರುಗಳಲ್ಲಿ ಅವರಿಗೆ ಗೊತ್ತಿಲ್ಲದ ನೆಂಟಸ್ತನವಿಲ್ಲ. ಕೇಳಿದರಾಯಿತು ಅಂತ ಅವನನ್ನು ಕರೆದುಕೊಂಡು ಅಮ್ಮನೂ ನಾನೂ ಹೋದೆವು. ಇವನು ಹೋದವನೇ ಕೊಟ್ಟಿಗೆಗೆ ನುಗ್ಗಿ ಕರುವಿಗೆ ನೆಟಿಗೆ ಮುರಿದು “ನನ್ ಅಚ್ಬೆಲ್ಲ” ಅಂದ. ಹಾಲು ಕರೆಯುತ್ತಿದ್ದ ಅಜ್ಜಿಯ ಕೈ ನಿಂತುಹೋಯಿತು.

“ಯಾರ್ ಮಗನಪ್ಪ ನೀನು? ಅಂಗೆ ಅಂತಿದ್ದೋಳು ಒಬ್ಳೇಯ. ನನ್ ನಾದ್ನಿ, ಪುಟ್ತಾಯಿ.”

“ಪುಟ್ಟತಾಯಮ್ಮ. ನಮ್ಮಜ್ಜಿ,” ಅಂದ ಇವನು.

ಅಜ್ಜಿ ಅವನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತರು. ಅಮ್ಮನೂ ಅತ್ತಳು. ಅವನಂತೂ ಮನೆ ಮುಂದಿದ್ದ ಹೊಂಗೆ ಮರ ನೋಡಿಕೊಂಡು ಮಗುವಿನ ಹಾಗೆ ಅತ್ತ. ನನಗೂ ಅಳು ಬಂತು, ಆದರೆ ಅದು ಬೇರೆ ಅಳು. ತಾತನ ತಂಗಿಯ ಮೊಮ್ಮಗ! ಅವನಿಗೆ ಊರು ಸಿಕ್ಕಿತು, ನನಗೆ ಅಣ್ಣ ಸಿಕ್ಕಿದನಲ್ಲಪ್ಪ ದೇವರೇ!

“ನಾನು ಹೇಳಲಿಲ್ವಾ, ಅಣ್ಣ ಅನ್ನು ಅಂತ?” ಅಂದಳು ಅಮ್ಮ ಕಣ್ಣೊರೆಸಿಕೊಳ್ಳುತ್ತ.

“ಅದ್ಯಾಕವ್ವ ಅಂಗೆ ಆತುರ ಬೀಳ್ತೀಯೆ? ವರ್ಸೆ ನೋಡ್ಬ್ಯಾಡ್ವಾ?” ಅಂದರು ಅಜ್ಜಿ. ಅವನ ಗಲ್ಲ ಹಿಡಿದು ಕೇಳಿದರು, “ಮಗ, ಪುಟ್ತಾಯಿ ನಿಮ್ಮಪ್ಪನ ಅವ್ವನೋ, ನಿಮ್ಮವ್ವನ ಅವ್ವನೋ? ಅವಳ ಮಗಳ ಮಗ ಆದ್ರೆ ಇವ್ಳಿಗೆ ಅಣ್ಣ ಆಯ್ತೀಯೆ. ಮಗನ ಮಗ ಆದ್ರೆ ಬಾವ.”

ಇಷ್ಟು ದಿನ ಅವನು ಬರೀ ‘ಅಜ್ಜಿ’ ಅಂದಿದ್ದ. ಯಾರ ಕಡೆಯ ಅಜ್ಜಿ ಅಂತ ಕೇಳಬೇಕೆಂದು ಈ ದಡ್ಡಿಗೆ ಹೊಳೆದೇ ಇರಲಿಲ್ಲ. ಆ ಮಹಾರಾಯ ತನಗೆ ಕೊಟ್ಟಿದ್ದ ಮಜ್ಜಿಗೆಯನ್ನು ನಿಧಾನವಾಗಿ ಕುಡಿದು, ಬಾಯಿ ಒರೆಸಿಕೊಂಡು ಹೇಳಿದ, “ಅಪ್ಪನ ಅವ್ವ ಕಣವ್ವ.”

ನಾನು ಹಿತ್ತಿಲಿಗೆ ಓಡಿದೆ. ಹಿಂದಿನಿಂದ ಅಜ್ಜಿ ಕೂಗಿದರು, “ಮೊದ್ಲು ಇಬ್ರೂ ಓದಿ ನಿಮ್ ಕಾಲ್ ಮೇಲೆ ನಿಂತ್ಕಳಿ. ಆದ್ರೆ ಅಣ್ಣ ಗಿಣ್ಣ ಅನ್ಬ್ಯಾಡ ಕಣೇ!”

ಈಗ ನಾನು ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಅವನು ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ಭಾನುವಾರ ಅವನ ಫೋನು ಮೊದಲು ಊರಿನಲ್ಲಿರುವ ಅಜ್ಜಿಗೆ, ಆಮೇಲೆ ನನಗೆ. ನಾನು ಕಲಿಸಿದ ಹುಡುಗರ ಕನ್ನಡ ಅವನಿಗೆ ಚೆನ್ನಾಗಿಯೇ ಬಂದುಬಿಟ್ಟಿದೆ, ಯಾಕಾದರೂ ಕಲಿಸಿದೆನೋ ಅನ್ನಿಸುತ್ತದೆ. ಓದು ಮುಗಿದ ಬೇಸಿಗೆಗೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಬರುತ್ತಾನಂತೆ.

ಅವನನ್ನು ಕೊನೆಯ ಸಲ ನೋಡಿದ್ದು ಅಕ್ಕಿಹೆಬ್ಬಾಳಿನ ಪುಟ್ಟ ಸ್ಟೇಷನ್ನಿನಲ್ಲಿ. ರೈಲು ಅಲುಗಿದಾಗ ಅಜ್ಜಿ ನನ್ನ ಬೆನ್ನಿಗೆ ತಿವಿದರು. “ಬಾವ,” ಅಂದೆ. ಯಾವಾಗಲೂ ವಟಗುಟ್ಟುವವನು ಕಿವಿಯವರೆಗೂ ಕೆಂಪಾದ. ಆಮೇಲೆ ಬಾಗಿಲಲ್ಲಿ ನಿಂತು, ಅಷ್ಟು ದೂರದಿಂದಲೇ ನನ್ನ ಮುಖವನ್ನು ಗಾಳಿಯಲ್ಲಿ ನೀವಿ, ಎರಡೂ ಕೈಗಳನ್ನು ಕಪಾಲಕ್ಕೆ ಒತ್ತಿ ನೆಟಿಗೆ ಮುರಿದ. ರೈಲಿನ ಸದ್ದಿಗೆ ಮಾತು ಕೇಳಿಸಲಿಲ್ಲ. ತುಟಿ ಅಲುಗಿದ್ದು ಕಂಡಿತು. ಅಚ್ಬೆಲ್ಲ.